ಗೋಡೆ ಬಿರುಕಿಗೆ ಮರವೇ ಕಾರಣವಾ? ಕೊಡಲಿ ಎತ್ತುವ ಮುಂಚೆ ಒಂದು ವರ್ಷ ಅಳೆಯಿರಿ

ಮೂರು ವರ್ಷದ ಹಿಂದೆ, ಏಪ್ರಿಲ್ ಎರಡನೇ ವಾರ. ನಮ್ಮ ಅಡುಗೆಮನೆ ಗೋಡೆಯಲ್ಲಿ ಕಿಟಕಿಯ ಮೇಲಿನ ಮೂಲೆಯಿಂದ ಸ್ಲ್ಯಾಬ್ ತನಕ ಒಂದು ಬಿರುಕು ಕಾಣಿಸಿಕೊಂಡಿತು. ಹೊರಗಿನಿಂದ ನೋಡಿದರೆ ಇಟ್ಟಿಗೆ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಗೋಡೆಯಿಂದ 12 ಅಡಿ ದೂರದಲ್ಲಿ ಬೇವಿನ ಮರ. ಗವಂಡಿ ಬಂದ, ಬಿರುಕಿನಲ್ಲಿ ಉಗುರು ಹಾಕಿ ನೋಡಿದ, ಮರದ ಕಡೆ ತಿರುಗಿದ. "ಇದರ ಬ್ಯಾರು ಪಾಯದಾಗ ಹೊಕ್ಕೈತ್ರಿ. ಲಗೂನ ಕಡಿಸಿದ್ರ ಛಲೋ." ಐದು ನಿಮಿಷದ ತಪಾಸಣೆ ಅಷ್ಟೇ. ಸಂಜೆ ಹೊತ್ತಿಗೆ ಅಪ್ಪ ಮರ ಕಡಿಯುವವರಿಗೆ ಫೋನ್ ಹಚ್ಚಿದ್ದರು.

ನಾನು ತೋಟಗಾರಿಕೆ ಓದಿದವಳು, ಈಗ ಸಾವಯವದಲ್ಲಿ ತರಕಾರಿ, ಹಣ್ಣು ಬೆಳೆಯುತ್ತೇನೆ. ಮರದ ಪರ ವಕಾಲತ್ತು ಮಾಡೋದು ನನಗೆ ಚಟ. "ಬೇರು ಪಾಯ ಒಡೆಯಲ್ಲ, ಮರಕ್ಕೂ ಬಿರುಕಿಗೂ ಸಂಬಂಧವೇ ಇಲ್ಲ" ಅಂತ ಅವತ್ತು ಜೋರಾಗಿಯೇ ವಾದ ಮಾಡಿದೆ. ಗವಂಡಿ ಹೇಳಿದ್ದು ತಪ್ಪು, ನಾನು ಹೇಳಿದ್ದೂ ತಪ್ಪು ಅಂತ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಆ ವರ್ಷ ಸಿಕ್ಕಿದ್ದು ಅವ್ವನಿಂದ. ದಿನಾ ಆ ಗೋಡೆ ಪಕ್ಕದಲ್ಲೇ ಒಲೆ ಮುಂದೆ ನಿಲ್ಲುವವಳು ಅವಳು, ಭಯ ಪಡಬೇಕಾದವಳೂ ಅವಳೇ. "ದೀಪಾವಳಿ ತನಕ ನೋಡೂಣು" ಅಂದಳು.

ಬಿರುಕು ಇದೆ, ಪಕ್ಕದಲ್ಲಿ ಮರ ಇದೆ, ಹಾಗಾದರೆ ಮರವೇ ಕಾರಣ ಅನ್ನುವ ತೀರ್ಪು ನಮ್ಮ ಹಳ್ಳಿಗಳಲ್ಲಿ ಮಾಮೂಲಿ ಆಗಿಬಿಟ್ಟಿದೆ. ಇದಕ್ಕೆ ಎದುರಾಗಿ ಮರಪ್ರೇಮಿಗಳ ತೀರ್ಪೂ ಅಷ್ಟೇ ಆತುರದ್ದು. ಎರಡೂ ಕಡೆಯವರು ಅಳತೆ ಮಾಡುವುದಿಲ್ಲ. ಅಳತೆಗೆ ಬೇಕಾದದ್ದು ನಾಲ್ಕು ಸ್ಕ್ರೂ, ಒಂದು ವರ್ನಿಯರ್ ಕ್ಯಾಲಿಪರ್, ಗವಂಡಿಗಳು ಬಳಸುವ ನೀರಿನ ಟ್ಯೂಬು, ಒಂದು ನೋಟ್‌ಬುಕ್ಕು. ಮರ ಕಡಿಸುವ ಖರ್ಚಿನ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ.

ಮೊದಲು ಬೇರು ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದು ತಿಳಿದಿರಲಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಹಾಗಾಗಿ ಹೆಚ್ಚಿನ ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇರುತ್ತವೆ. ಅಗಲದಲ್ಲಿ ಮಾತ್ರ ಹಂದರದ ನೆರಳನ್ನು ದಾಟಿ, ಅದರ ಎರಡು ಪಟ್ಟು ದೂರ ಹೋಗುವುದು ಸಾಮಾನ್ಯ. ಅಂದರೆ 12 ಅಡಿ ದೂರದ ಮರದ ಬೇರು ಪಾಯದ ಹತ್ತಿರ ಸಿಕ್ಕರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಬೇರು ಸಿಕ್ಕಿತು ಅನ್ನುವುದು ಸಾಕ್ಷಿ ಅಲ್ಲ, ಮರ ಬದುಕಿದೆ ಅನ್ನುವುದಕ್ಕೆ ಗುರುತು ಅಷ್ಟೇ. ಬೇರಿನ ತುದಿ ಗಟ್ಟಿ ಕಾಂಕ್ರೀಟನ್ನಾಗಲೀ ಸರಿಯಾಗಿ ಕಟ್ಟಿದ ಕಲ್ಲಿನ ಪಾಯವನ್ನಾಗಲೀ ಕೊರೆದು ಒಳಗೆ ಹೋಗುವುದಿಲ್ಲ. ಸಂದಿ ಇದ್ದರೆ ಹೋಗುತ್ತದೆ, ಹೋದ ಮೇಲೆ ದಪ್ಪ ಆಗುತ್ತದೆ. ಹಗುರವಾದದ್ದನ್ನು ಎತ್ತುವ ಶಕ್ತಿ ಅದಕ್ಕಿದೆ: ಫರಸಿ, ಕಾಂಪೌಂಡ್ ಗೋಡೆ, ಅಂಗಳದ ಕಾಂಕ್ರೀಟು, ಪೈಪು. ಮನೆಯಂಥ ಭಾರವನ್ನು ಎತ್ತುವುದು ಬಹಳ ಅಪರೂಪ, ಬೊಡ್ಡೆ ಗೋಡೆಗೇ ತಾಗಿಕೊಂಡು ಬೆಳೆದಾಗ ಮಾತ್ರ.

ಇನ್ನೊಂದು ದಾರಿ ಕಣ್ಣಿಗೆ ಕಾಣದ್ದು. ಮರ ಮಣ್ಣಿನ ನೀರು ಕುಡಿಯುತ್ತದೆ. ಕೆಲವು ಮಣ್ಣು ನೀರು ಕಳೆದುಕೊಂಡಾಗ ಕುಗ್ಗುತ್ತದೆ, ಕುಗ್ಗಿದಾಗ ಮೇಲಿನ ಪಾಯ ಕುಸಿಯುತ್ತದೆ. ಇಲ್ಲಿ ಬೇರು ಪಾಯವನ್ನು ಮುಟ್ಟಲೇಬೇಕು ಅಂತ ಇಲ್ಲ. ಇಂಗ್ಲೆಂಡಿನಲ್ಲಿ 1976ರ ಬರಗಾಲದ ನಂತರ ಸಾವಿರಾರು ಮನೆಗಳಲ್ಲಿ ಬಿರುಕು ಬಂದಾಗ ಈ ವಿಷಯ ದೊಡ್ಡದಾಯಿತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು ಮರ, ಮಣ್ಣು, ಹಾನಿಯಾದ ಕಟ್ಟಡಗಳ ಲೆಕ್ಕ ಕೂಡಿಸಿ ಪುಸ್ತಕವನ್ನೇ ತಂದರು. ಅಲ್ಲಿ ತೊಂದರೆ ಕಂಡದ್ದು ಹೆಚ್ಚಾಗಿ ಜೇಡಿ ಮಣ್ಣಿನ ಮೇಲಿನ ಮನೆಗಳಲ್ಲಿ.

ನಮ್ಮಲ್ಲಿ ಅದಕ್ಕಿಂತ ಚಂಡಿ ಮಣ್ಣಿದೆ, ಎರೆ ಮಣ್ಣು. ಗದಗ, ಧಾರವಾಡದ ನವಲಗುಂದ ಕಡೆ, ವಿಜಯಪುರ, ಬಾಗಲಕೋಟೆ, ರಾಯಚೂರು, ಕಲಬುರ್ಗಿ, ಈ ಕಡೆಯವರಿಗೆ ನಾನು ವಿವರಿಸುವುದೇ ಬೇಡ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಮೊಳಕೈ ತನಕ ಇಳಿಯುತ್ತದೆ. ಮಳೆ ಬಿದ್ದರೆ ಅದೇ ನೆಲ ಉಬ್ಬಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ, ಪದರಗಳ ನಡುವೆ ನೀರು ಸೇರಿಸಿಕೊಂಡು ಹಿಗ್ಗುವಂಥದ್ದು. ಈ ಮಣ್ಣಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ತಳದಲ್ಲಿ ಗಂಟೆಯಂತೆ ಅಗಲವಾಗುವ ಅಂಡರ್ ರೀಮ್ಡ್ ಪೈಲ್ ಅನ್ನುವ ಪಾಯದ ವಿಧಾನ ರೂಪಿಸಿದರು. ನಮ್ಮ ಹಳ್ಳಿ ಮನೆಗಳಿಗೆ ಅದೆಲ್ಲಿ ಬರಬೇಕು. ಎರಡೂವರೆ ಅಡಿ ಅಗೆದು ಕಲ್ಲು ತುಂಬಿದರೆ ಅದೇ ಪಾಯ.

ತುಮಕೂರು, ಕೋಲಾರ, ಮೈಸೂರಿನ ಕೆಂಪು ಮಣ್ಣು ಬೇರೆ ಜಾತಿ. ಅದರ ಜೇಡಿಯಲ್ಲಿ ಹೆಚ್ಚಿನದು ಕಯೋಲಿನೈಟ್, ಹಿಗ್ಗುವುದು ಕುಗ್ಗುವುದು ಕಡಿಮೆ. ಕರಾವಳಿಯ ಜಂಬಿಟ್ಟಿಗೆ ನೆಲವೂ ಹಾಗೇ. ಅಲ್ಲಿ ಮನೆ ಗೋಡೆ ಬಿರುಕು ಬಿಟ್ಟರೆ ಮರದ ಮೇಲಿನ ಅನುಮಾನ ನಿಮ್ಮ ಪಟ್ಟಿಯಲ್ಲಿ ಕೊನೆಗಿರಲಿ. ಆದರೆ ಕೆರೆ ಅಂಗಳದಲ್ಲಿ, ಗದ್ದೆ ತುಂಬಿಸಿ ಮಾಡಿದ ಲೇಔಟಿನಲ್ಲಿ ಮನೆ ಕಟ್ಟಿದ್ದರೆ ಮೇಲೆ ಕೆಂಪು ಕಂಡರೂ ಕೆಳಗೆ ಜೇಡಿ ಇರಬಹುದು.

ನಿಮ್ಮ ಮಣ್ಣು ಯಾವ ಜಾತಿ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಐಎಸ್ 2720ರಲ್ಲಿ ಇರುವ ವಿಧಾನವೇ. ಪಾಯದ ಮಟ್ಟದ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ತೀರಾ ಸಣ್ಣ ಜರಡಿಯಲ್ಲಿ ಜಾಲಿಸಿ 10 ಗ್ರಾಂನ ಎರಡು ಪಾಲು ಮಾಡಿ. ಎರಡು 100 ಮಿ.ಲೀ. ಅಳತೆ ಜಾಡಿಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಹಾಕಿ ಮಣ್ಣು ಸುರಿದು, ಗುಳ್ಳೆ ಹೋಗುವಂತೆ ಕಲಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನಮ್ಮನೆ ಮಣ್ಣು ಸೀಮೆಎಣ್ಣೆಯಲ್ಲಿ 11 ಮಿ.ಲೀ., ನೀರಿನಲ್ಲಿ 23. ಹೆಚ್ಚಾದ 12ನ್ನು 11ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 109. ಈ ಅಂಕಿ 50ಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ, 100 ದಾಟಿದರೆ ಹುಷಾರು. (ಪರೀಕ್ಷೆಗಿಂತ ಸೀಮೆಎಣ್ಣೆ ಹುಡುಕಿದ್ದೇ ದೊಡ್ಡ ಕೆಲಸ ಆಯ್ತು, ಅದು ಬೇರೆ ಮಾತು.)

ಇನ್ನು ಬಿರುಕನ್ನು ಓದೋದು. ಎಲ್ಲ ಬಿರುಕೂ ಪಾಯದ್ದಲ್ಲ. ಸ್ಲ್ಯಾಬಿನ ಕೆಳಗೆ ಗೋಡೆಯ ಉದ್ದಕ್ಕೂ ಅಡ್ಡಡ್ಡ ಬಂದರೆ ಅದು ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಕುಗ್ಗಿದ್ದು. ಕಂಬ ಮತ್ತು ಇಟ್ಟಿಗೆ ಗೋಡೆ ಕೂಡುವಲ್ಲಿ ನೆಟ್ಟಗೆ ಬಂದರೆ ಎರಡು ಸಾಮಗ್ರಿಗಳ ಜಗಳ. ಗಿಲಾಯದ ಮೇಲೆ ಜೇಡರ ಬಲೆಯಂತೆ ಕೂದಲೆಳೆ ಬಿರುಕು ಇದ್ದರೆ ಕ್ಯೂರಿಂಗ್ ಸರಿ ಆಗಿಲ್ಲ. ಕಂಬದಲ್ಲೋ ಬೀಮಿನಲ್ಲೋ ಸರಳಿನ ಗುಂಟ ಬಂದು ತುಕ್ಕಿನ ಕಲೆ ಬಿಟ್ಟಿದ್ದರೆ ಒಳಗಿನ ಕಬ್ಬಿಣ ಕೆಟ್ಟಿದೆ. ಇವ್ಯಾವುದಕ್ಕೂ ಮರವನ್ನು ದೂರಬೇಡಿ. ಪಾಯ ಅಲುಗಿದ್ದರೆ ಬಿರುಕು ಓರೆಯಾಗಿ, ಕಿಟಕಿ ಬಾಗಿಲ ಮೂಲೆಯಿಂದ ಹೊರಟು ಹೋಗುತ್ತದೆ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಬಾಗಿಲು ಕಚ್ಚಿಕೊಳ್ಳುತ್ತದೆ.

ಅದರಲ್ಲೂ ಒಂದು ಸೂಕ್ಷ್ಮ ಇದೆ. ಮನೆಯ ಮೂಲೆ ಕುಸಿದರೆ ಗೋಡೆ ಹೊರಕ್ಕೆ ವಾಲಿ ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ. ಮೂಲೆ ಉಬ್ಬಿದರೆ ಉಲ್ಟಾ, ಕೆಳಗೆ ಅಗಲ, ಮೇಲೆ ಸಣ್ಣ. ಇದು ತಿಳಿದ ಮೇಲೆ ಮನೆಯೆಲ್ಲ ಸುತ್ತಿ ನೋಡಿದೆ. ಅಡುಗೆಮನೆಯದು ಮೇಲೆ ಅಗಲ. ಬಚ್ಚಲುಮನೆ ಮೂಲೆಯಲ್ಲೂ ಒಂದು ಬಿರುಕು ಇತ್ತು, ಯಾರೂ ಗಮನಿಸಿರಲಿಲ್ಲ, ಯಾಕಂದ್ರೆ ಆ ಕಡೆ ಮರ ಇಲ್ಲ! ಅದು ಕೆಳಗೆ ಅಗಲ.

ಎರಡಕ್ಕೂ ಅಳತೆ ಶುರು ಮಾಡಿದೆ. ಬಿರುಕಿನ ಎರಡೂ ಬದಿಗೆ ಡ್ರಿಲ್ ಮಾಡಿ ಸ್ಟೇನ್‌ಲೆಸ್ ಸ್ಕ್ರೂ ಕೂರಿಸಿ, ಅವುಗಳ ನಡುವಿನ ಅಂತರವನ್ನು ಕ್ಯಾಲಿಪರಿನಲ್ಲಿ ಹಿಡಿಯೋದು. ಕೆಲವರು ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಅಂಟಿಸುತ್ತಾರೆ. ಗಾಜು ಒಡೆದರೆ ಗೋಡೆ ಅಲುಗಿದೆ ಅಂತ ಗೊತ್ತಾಗುತ್ತೆ, ಎಷ್ಟು, ಯಾವ ಕಡೆ, ವಾಪಸ್ ಬಂತಾ ಅನ್ನೋದು ಗೊತ್ತಾಗಲ್ಲ. ಸ್ಕ್ರೂ ಒಳ್ಳೇದು. ತಿಂಗಳಿಗೊಮ್ಮೆ, ಬೆಳಗ್ಗೆ ಒಂದೇ ಹೊತ್ತಿಗೆ ಅಳೆಯಿರಿ.

ಅಡುಗೆಮನೆಯ ಅಳತೆ ಏಪ್ರಿಲ್‌ನಲ್ಲಿ 84.2 ಮಿ.ಮೀ. ಇತ್ತು. ಮೇ ಕೊನೆಗೆ 85.6. ಅಪ್ಪನಿಗೆ ತೋರಿಸಿದಾಗ "ನೋಡಿದಿಯಾ, ಬೆಳಿಯಾಕತ್ತೈತಿ" ಅಂದರು. ಆ ವಾರ ನನಗೂ ನಿದ್ದೆ ಸರಿಯಾಗಿ ಬರಲಿಲ್ಲ, ನನ್ನ ಹಟಕ್ಕೆ ಗೋಡೆ ಬಿದ್ದರೆ ಅಂತ. ಜುಲೈ ಮಧ್ಯಕ್ಕೆ 84.9. ಸೆಪ್ಟೆಂಬರ್ ಮಳೆ ಚೆನ್ನಾಗಿ ಆಯಿತು, ತಿಂಗಳ ಕೊನೆಗೆ 82.6. ಬಿರುಕು ಕಣ್ಣಿಗೆ ಕಾಣದಷ್ಟು ಕೂಡಿಕೊಂಡಿತ್ತು. ಜನವರಿಯಲ್ಲಿ 82.9, ಮತ್ತೆ ಮೇ ಕೊನೆಗೆ 85.4. ಅಂದರೆ ಬೇಸಿಗೆಯಲ್ಲಿ ತೆರೆದು ಮಳೆಯಲ್ಲಿ ಮುಚ್ಚುವ ಬಿರುಕು. ಉಸಿರಾಡುವ ಗೋಡೆ ಅನ್ನಬಹುದು.

ಬಚ್ಚಲಿನದು ಬೇರೆಯೇ ಕಥೆ. ಏಪ್ರಿಲ್‌ನಲ್ಲಿ 71.0, ಸೆಪ್ಟೆಂಬರಿಗೆ 71.8, ಜನವರಿಗೆ 72.5, ಮೇ ಕೊನೆಗೆ 73.1. ಬಿಸಿಲು, ಮಳೆ ಯಾವುದೂ ಲೆಕ್ಕಕ್ಕಿಲ್ಲ, ಬರೀ ಏರಿಕೆ. ಋತುಮಾನಕ್ಕೆ ತಕ್ಕಂತೆ ತೆರೆದು ಮುಚ್ಚದ ಬಿರುಕು ಮರದ್ದಲ್ಲ. ನೆಲ ಒಡೆಸಿ ನೋಡಿದರೆ ಬಚ್ಚಲ ನೀರು ಹೋಗುವ ಪೈಪಿನ ಜಾಯಿಂಟು ಬಿಟ್ಟಿತ್ತು. ವರ್ಷಗಟ್ಟಲೆ ಆ ಮೂಲೆಯ ಎರೆ ಮಣ್ಣಿಗೆ ನಾವೇ ದಿನಾ ನೀರು ಕುಡಿಸಿದ್ದೆವು, ಅದು ಉಬ್ಬಿಕೊಂಡಿತ್ತು. ಪೈಪು ಸರಿ ಮಾಡಿಸಿದ ಮೇಲೆ 73.4ಕ್ಕೆ ನಿಂತದ್ದು ಇವತ್ತಿಗೂ ಅಲ್ಲೇ ಇದೆ. ನಿಜ ಹೇಳಬೇಕಂದ್ರೆ ಮನೆಗೆ ಹೆಚ್ಚು ಅಪಾಯ ಇದ್ದದ್ದು ಈ ಕಡೆಯಿಂದ, ಎಲ್ಲರ ಕಣ್ಣಿದ್ದದ್ದು ಬೇವಿನ ಮೇಲೆ.

ಹಾಗಾದರೆ ಅಡುಗೆಮನೆ ಬಿರುಕಿಗೆ ಬೇವೇ ಕಾರಣವಾ? ಇಲ್ಲಿ ನಾನು ನನ್ನ ಪಕ್ಷಕ್ಕೆ ಅನುಕೂಲವಾಗುವ ಒಂದು ವಾದ ಹಿಡಿದುಕೊಂಡಿದ್ದೆ. ಎರೆ ನೆಲ ಮರ ಇಲ್ಲದಿದ್ದರೂ ಬೇಸಿಗೆಗೆ ಕುಗ್ಗುತ್ತೆ, ಮಳೆಗೆ ಉಬ್ಬುತ್ತೆ, ಮರ ಯಾಕೆ ಬೇಕು? ಇದಕ್ಕೆ ಉತ್ತರ ಹೋಲಿಕೆಯಿಂದ ಮಾತ್ರ ಸಿಗುತ್ತದೆ. ಮನೆಯ ನಾಲ್ಕೂ ಮೂಲೆಗೆ ಕಟ್ಟೆಯ ಮಟ್ಟದಲ್ಲಿ ಗುರುತು ಹಾಕಿ, ಮೇ ಕೊನೆಗೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ನೀರಿನ ಟ್ಯೂಬು ಹಿಡಿದು ಮಟ್ಟ ನೋಡಿದೆ. ಮರದಿಂದ ಅತಿ ದೂರದ ಮುಂಬಾಗಿಲ ಮೂಲೆಗೆ ಹೋಲಿಸಿದರೆ ಅಡುಗೆಮನೆ ಮೂಲೆ ಬೇಸಿಗೆಯಲ್ಲಿ ಅಕ್ಟೋಬರಿಗಿಂತ 9 ಮಿ.ಮೀ. ಕೆಳಗಿತ್ತು. ಪಡಸಾಲೆಯ ಮೂಲೆಯಲ್ಲಿ ವ್ಯತ್ಯಾಸ 2 ಮಿ.ಮೀ., ಟ್ಯೂಬಿನಲ್ಲಿ ಅಷ್ಟು ಹೆಚ್ಚುಕಡಿಮೆ ಬಂದೇ ಬರುತ್ತದೆ. ನೀರು ಕುಡಿದು ಉಬ್ಬಿದ್ದ ಬಚ್ಚಲಿನ ಮೂಲೆಯನ್ನು ಈ ಲೆಕ್ಕಕ್ಕೆ ಹಿಡಿಯಲಿಲ್ಲ.

ಇನ್ನೊಂದು ಅಳತೆ. ಮೇ ತಿಂಗಳಲ್ಲಿ ಒಂದೇ ದಿನ, ನಾಲ್ಕು ಅಡಿ ಆಳದ ಮಣ್ಣನ್ನು ಆಗರ್‌ನಿಂದ ತೆಗೆದೆ, ಒಮ್ಮೆ ಬೇವು ಮತ್ತು ಗೋಡೆಯ ನಡುವೆ, ಇನ್ನೊಮ್ಮೆ ಮನೆಯ ಆಚೆ ಬದಿಯಲ್ಲಿ, ಮರದಿಂದ ದೂರ. ತೂಗಿ, ಪೂರ್ತಿ ಒಣಗಿಸಿ, ಮತ್ತೆ ತೂಗಿದರೆ ತೇವ ಗೊತ್ತಾಗುತ್ತದೆ. ಪ್ರಯೋಗಾಲಯದಲ್ಲಿ 105 ಡಿಗ್ರಿ ಓವನ್ ಬಳಸುತ್ತಾರೆ, ಹೋಲಿಕೆಗಾದರೆ ಸಣ್ಣ ಉರಿಯ ತವೆಯೂ ಸಾಕು. ಮರದ ಬದಿ 17 ಪರ್ಸೆಂಟ್, ಆಚೆ ಬದಿ 26. ವಾದ ಮುಗಿಯಿತು. ಬೇವು ಫೆಬ್ರವರಿ ಮಾರ್ಚಿಗೆ ಎಲೆ ಉದುರಿಸಿ, ನೆಲ ಅತಿ ಒಣಗಿರುವ ಹೊತ್ತಿಗೇ ಹೊಸ ಚಿಗುರು ತುಂಬಿಕೊಂಡು ನಿಲ್ಲುತ್ತದೆ. ಆ ಚಿಗುರಿಗೆ ನೀರು ಎಲ್ಲಿಂದ ಬರುತ್ತೆ ಅನ್ನೋದನ್ನು ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ.

ಗುಂಡಿ ತೋಡಿಯೂ ನೋಡಿದೆ. ಪಾಯದ ಪಕ್ಕ ಎರಡು ಅಡಿ ಅಗಲ, ಪಾಯದ ತಳ ಕಾಣುವಷ್ಟು ಆಳ. ಇದನ್ನು ಬೇಸಿಗೆಯಲ್ಲೇ ಮಾಡಿ, ಒಂದೇ ಗುಂಡಿ ಮಾಡಿ, ಪಾಯದ ಕೆಳಗೆ ಕೆರೆಯಬೇಡಿ, ನೋಡಿದ ದಿನವೇ ದಮ್ಮಸು ಹಾಕಿ ಮುಚ್ಚಿ. ಸಿಕ್ಕ ಬೇರು ಯಾವ ಮರದ್ದು ಅನ್ನೋದೂ ಮುಖ್ಯ, ಪಕ್ಕದ ಮನೆಯ ಮರದ್ದೂ ಇರಬಹುದಲ್ಲ. ಆಲ, ಅರಳಿ, ಅತ್ತಿ, ಹಲಸು ಆದರೆ ಗಾಯ ಮಾಡಿದಾಗ ಹಾಲು ಬರುತ್ತದೆ. ನುಗ್ಗೆ ಬೇರಿಗೆ ಮೂಗಿಗೆ ಹೊಡೆಯುವ ಘಾಟು. ಬೇವಿನ ಬೇರಿನ ತೊಗಟೆ ನಾಲಿಗೆಗೆ ಇಟ್ಟರೆ ಬೇರೆ ಗುರುತೇ ಬೇಡ. ಬೇರು ಬದುಕಿದೆಯೋ ಸತ್ತಿದೆಯೋ ನೋಡಲು ಕತ್ತರಿಸಿದ ಬದಿಗೆ ಒಂದು ಹನಿ ಟಿಂಚರ್ ಅಯೋಡಿನ್ ಹಾಕಿ. ಪಿಷ್ಟ ಇದ್ದರೆ ಕಪ್ಪು ನೀಲಿಗೆ ತಿರುಗುತ್ತದೆ, ಅಂದರೆ ಬೇರು ಜೀವಂತ ಅಥವಾ ಇತ್ತೀಚಿನವರೆಗೂ ಜೀವಂತ. ನಮ್ಮ ಗುಂಡಿಯಲ್ಲಿ ಪೆನ್ಸಿಲ್ ದಪ್ಪದ ಬೇವಿನ ಬೇರುಗಳು ಪಾಯದ ತಳದ ಕೆಳಗೆ ಹಾದು ಹೋಗಿದ್ದವು. ಒಂದೂ ಕಲ್ಲಿನ ಸಂದಿಗೆ ಹೊಕ್ಕಿರಲಿಲ್ಲ, ಒಂದು ಕಲ್ಲೂ ಅಲುಗಿರಲಿಲ್ಲ. ಬೇರು ಪಾಯದೊಳಗೆ ಹೊಕ್ಕಿದೆ ಅಂದ ಗವಂಡಿಯೂ ಸೋತ, ಸಂಬಂಧವೇ ಇಲ್ಲ ಅಂದ ನಾನೂ ಸೋತೆ.

ಈಗ ಮರ ಕಡಿಯಬೇಕಾ ಬೇಡವಾ ಅನ್ನುವ ಪ್ರಶ್ನೆ. ಇಲ್ಲಿ ಮೊದಲು ಕೇಳಬೇಕಾದದ್ದು, ಮರ ಮೊದಲೋ ಮನೆ ಮೊದಲೋ? ಮನೆ ಹಳೆಯದು, ಮರ ಆಮೇಲೆ ಬಂದದ್ದು ಅಂದರೆ, ಮರ ತೆಗೆದ ಮೇಲೆ ಮಣ್ಣು ತೇವ ತಗೊಂಡು ಮನೆ ಕಟ್ಟಿದಾಗ ಇದ್ದ ಸ್ಥಿತಿಗೆ ಹೆಚ್ಚುಕಡಿಮೆ ವಾಪಸ್ ಬರುತ್ತದೆ. ಆದರೆ ದೊಡ್ಡ ಮರ ಮೊದಲೇ ಇದ್ದು, ಅದು ಒಣಗಿಸಿಟ್ಟ ಎರೆ ಮಣ್ಣಿನ ಮೇಲೆ ಮನೆ ಕಟ್ಟಿದ್ದರೆ? ಮರ ಕಡಿದರೆ ಆ ಮಣ್ಣು ಹಿಂದೆಂದೂ ಇಲ್ಲದಷ್ಟು ನೀರು ಕುಡಿದು ಉಬ್ಬುತ್ತದೆ, ಒಂದೇ ಮಳೆಗಾಲದಲ್ಲಿ ಅಲ್ಲ, ಹಲವು ವರ್ಷ. ಮನೆಯನ್ನೇ ಮೇಲಕ್ಕೆ ಎತ್ತುತ್ತದೆ. ನಮ್ಮ ಸಂಬಂಧಿಕರೊಬ್ಬರು ಮನೆಗಿಂತ ಎಷ್ಟೋ ಹಳೆಯ ಹುಣಸೆ ಮರವನ್ನು ಸಣ್ಣದೊಂದು ಬಿರುಕಿನ ಕಾರಣಕ್ಕೆ ಬುಡ ಸಮೇತ ತೆಗೆಸಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಕೋಣೆಯ ಫರಸಿ ನಡುವೆ ಉಬ್ಬಿ, ಬಾಗಿಲು ಕೆಳಗೆ ಕಚ್ಚಿ, ಮೊದಲಿದ್ದ ಬಿರುಕು ಮುಚ್ಚಿ ಬೇರೆ ಮೂರು ಬಂದವು. ಈಗ ಬೈಯ್ಯಲು ಮರವೂ ಇಲ್ಲ.

ನಮ್ಮ ಬೇವು ಮನೆಯ ನಂತರ ಬಂದದ್ದು. ಕಡಿದಿದ್ದರೂ ಪಾಯಕ್ಕೆ ಅಂಥ ಅಪಾಯ ಇರಲಿಲ್ಲ, ಇದನ್ನು ಅಪ್ಪನಿಗೆ ಮುಚ್ಚಿಡದೆ ಹೇಳಿದೆ. ಆದರೂ ಉಳಿಸಿಕೊಂಡೆವು. ಬಿರುಕು ವರ್ಷಕ್ಕೆ 3 ಮಿ.ಮೀ. ತೆರೆದು ಮುಚ್ಚುತ್ತಿತ್ತು ನಿಜ, ಆದರೆ ಮೊದಲ ಮೇ ತಿಂಗಳಿಗಿಂತ ಎರಡನೇ ಮೇ ತಿಂಗಳಲ್ಲಿ ಹೆಚ್ಚಾಗಿರಲಿಲ್ಲ. 5 ಮಿ.ಮೀ. ಒಳಗಿನ ಬಿರುಕನ್ನು ಕಟ್ಟಡ ತಜ್ಞರೂ ಸಣ್ಣ ಹಾನಿ ಅಂತಲೇ ಎಣಿಸುತ್ತಾರೆ. ಇನ್ನೊಂದು ಕಡೆ, ಏಪ್ರಿಲ್ ಮೇ ಬಿಸಿಲಲ್ಲಿ ಪಡುವಣ ಗೋಡೆಗೆ ನೆರಳು ಕೊಡುವ ಮರ ಅದೊಂದೇ. ನೆರಳಿಗೆ ಬೆಲೆ ಕಟ್ಟಲ್ಲ ನಾವು, ಮರ ಹೋದ ಮೇಲೆ ಕರೆಂಟ್ ಬಿಲ್ಲಿನಲ್ಲಿ ಕಟ್ಟುತ್ತೇವೆ.

ಮಾಡಿದ್ದು ಇಷ್ಟು. ಜನವರಿಯಲ್ಲಿ, ಹೊಸ ಚಿಗುರಿಗೆ ಮುಂಚೆ, ಹಂದರವನ್ನು ಕಾಲು ಭಾಗ ತೆಳ್ಳಗೆ ಮಾಡಿಸಿದೆವು. ಎಲೆ ಕಡಿಮೆ ಆದರೆ ನೀರಿನ ಖರ್ಚೂ ಕಡಿಮೆ, ಆದರೆ ಮರ ಮತ್ತೆ ತುಂಬಿಕೊಳ್ಳುತ್ತೆ, ಹಾಗಾಗಿ ಇದು ಒಂದು ಸಲದ ಕೆಲಸ ಅಲ್ಲ, ಎರಡು ವರ್ಷಕ್ಕೊಮ್ಮೆ ಮಾಡಬೇಕು. ತಲೆ ಪೂರ್ತಿ ಬೋಳಿಸುವುದು ಬೇಡ. ಮನೆ ಸುತ್ತ ನಾಲ್ಕು ಅಡಿ ಅಗಲದ ಇಳಿಜಾರು ಕಟ್ಟೆ ಹಾಕಿಸಿ, ಮಾಳಿಗೆ ನೀರು ಮೂಲೆಯಲ್ಲೇ ಬೀಳುತ್ತಿದ್ದದ್ದನ್ನು ಪೈಪಿನಲ್ಲಿ ದೂರ ಒಯ್ದೆವು. ಪಾಯದ ಹತ್ತಿರ ಮಳೆಗೆ ಒಮ್ಮೆಲೇ ತೊಯ್ದು ಬಿಸಿಲಿಗೆ ಒಮ್ಮೆಲೇ ಒಣಗೋದು ಇದರಿಂದ ಕಡಿಮೆ ಆಗುತ್ತೆ. ಬಿರುಕನ್ನು ಸಿಮೆಂಟಿನ ಬದಲು ಸುಣ್ಣದ ಗಾರೆಯಲ್ಲಿ ತುಂಬಿಸಿದೆ, ಅದು ಸ್ವಲ್ಪ ಬಾಗುತ್ತದೆ. ಕಳೆದ ವರ್ಷ ಏರಿಳಿತ 2 ಮಿ.ಮೀ.ಗೆ ಇಳಿದಿದೆ.

ಮಾಡದೆ ಬಿಟ್ಟದ್ದೂ ಹೇಳಬೇಕು. ಗೋಡೆ ಬದಿ ಕಾಲುವೆ ತೋಡಿ ಬೇರು ಕಡಿದು ಪ್ಲಾಸ್ಟಿಕ್ ಹಾಳೆ ಇಳಿಸಿ ಅಂತ ಒಬ್ಬರು ಸಲಹೆ ಕೊಟ್ಟರು. ಫರಸಿ, ಪೈಪು ಉಳಿಸಲು ಅದು ಸರಿ. ಎರೆ ನೆಲದಲ್ಲಿ ಬೇರು ಹಾಳೆಯ ಕೆಳಗಿನಿಂದ ದಾಟಿ ಬರುತ್ತದೆ, ಮೇಲಾಗಿ ಬೊಡ್ಡೆಯ ದಪ್ಪದ ಐದು ಪಟ್ಟು ದೂರದೊಳಗೆ ದೊಡ್ಡ ಬೇರು ಕಡಿದರೆ ಗಾಳಿ ಮಳೆಗೆ ಮರವೇ ಮನೆ ಮೇಲೆ ಬೀಳಬಹುದು. ಇನ್ನು ಬೊಡ್ಡೆಗೆ ತೂತು ಕೊರೆದು ಆಸಿಡ್, ಇಂಗು ತುಂಬಿ ಸದ್ದಿಲ್ಲದೆ ಕೊಲ್ಲುವ ವಿದ್ಯೆ. ಸತ್ತ ಮರ ಮನೆ ಪಕ್ಕ ನಿಂತಿರುವುದು ಬದುಕಿದ ಮರಕ್ಕಿಂತ ಅಪಾಯ. ಕಡಿಯಲೇಬೇಕಾದರೆ ದಾರಿ ಇದೆ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಅನುಮತಿ ತಗೋಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಅರ್ಜಿಯ ಜೊತೆ ವರ್ಷದ ಅಳತೆಯ ಪಟ್ಟಿ ಇಟ್ಟರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಒಂದು ವರ್ಷ ಕಾಯಿರಿ ಅಂದೆ. ಎಲ್ಲರೂ ಕಾಯಬಾರದು. ಬಿರುಕು 15 ಮಿ.ಮೀ. ದಾಟಿದ್ದರೆ, ಅಂದರೆ ಹೆಬ್ಬೆರಳು ತೂರುವಷ್ಟಿದ್ದರೆ, ಗೋಡೆ ತೂಗುಗುಂಡಿಗೆ ವಾಲಿದ್ದು ಕಂಡರೆ, ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ ಕ್ಯಾಲಿಪರ್ ಬದಿಗಿಟ್ಟು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ, ಆ ಕೋಣೆ ಖಾಲಿ ಮಾಡಿ. ಮಣ್ಣಿನ ಗೋಡೆಯ ಮೇಲ್ಮುದ್ದಿ ಮನೆಗಳಲ್ಲಿ ಇನ್ನೂ ಬೇಗ ಎಚ್ಚರ ಆಗಬೇಕು. ಮೇಲೆ ಅಷ್ಟು ಮಣ್ಣಿನ ಭಾರ, ಗೋಡೆಗೆ ಮಳೆ ನೀರು ಇಳಿದರೆ ಮುನ್ಸೂಚನೆ ಕೊಡದೆ ಕೂತುಬಿಡುತ್ತದೆ. ಅಲ್ಲಿ ಬೇರಿಗಿಂತ ಮೊದಲು ಹೆಗ್ಗಣದ ಬಿಲ ಹುಡುಕಿ. ಮತ್ತೆ ಗೋಡೆ ಸಂದಿಯಲ್ಲೋ ಮಾಳಿಗೆ ಅಂಚಲ್ಲೋ ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಅರಳಿ, ಆಲದ ಸಸಿ ಕಂಡರೆ ಅಳತೆ ಗಿಳತೆ ಏನೂ ಬೇಡ. ದೇವರ ಗಿಡ ಅಂತ ಬಿಟ್ಟರೆ ಅದು ನಿಜವಾಗಿಯೂ ಗೋಡೆ ಸೀಳುವ ಬೇರು. ಎರಡು ಎಲೆ ಇದ್ದಾಗಲೇ ಬೇರು ಸಹಿತ ಕಿತ್ತು ಬೇರೆ ಕಡೆ ನೆಡಿ.

ಹೊಸದಾಗಿ ನೆಡುವವರಿಗೆ ನನ್ನ ಲೆಕ್ಕ: ಎರೆ ನೆಲದಲ್ಲಿ ಬೇವು, ಹುಣಸೆ, ಮಳೆಮರ, ನೀಲಗಿರಿ, ಆಲದ ಜಾತಿ ಯಾವುದೇ ಇರಲಿ, ಬೆಳೆದಾಗ ಎಷ್ಟು ಎತ್ತರವೋ ಅಷ್ಟು ದೂರ. ಬೇವಿಗೆ 40 ಅಡಿ ಬಿಡಿ. ಬ್ರಿಟನ್ನಿನ ಮನೆ ಕಟ್ಟುವವರ ನಿಯಮದಲ್ಲಿ ಹೆಚ್ಚು ನೀರು ಕುಡಿಯುವ ಮರಗಳಿಗೆ ಎತ್ತರದ ಒಂದೂಕಾಲು ಪಟ್ಟು ದೂರದ ತನಕ ಪಾಯವನ್ನು ಆಳ ಮಾಡಬೇಕು, ನಾನು ಹೇಳಿದ್ದು ಅದಕ್ಕಿಂತ ಕಡಿಮೆಯೇ. ಕರಿಬೇವು, ನಿಂಬೆ, ದಾಳಿಂಬೆ, ಪೇರಲ ಬೇಕಾದ್ರೆ ಹತ್ತು ಹನ್ನೆರಡು ಅಡಿಗೆ ನಡೆಯುತ್ತೆ. ಕೆಂಪು ನೆಲದವರು ಇದರ ಅರ್ಧ ಬಿಟ್ಟರೂ ಸಾಕು, ಕಾಂಪೌಂಡಿಗೆ ಮಾತ್ರ ಒತ್ತಿ ನೆಡಬೇಡಿ.

ಈ ಅಳತೆಯ ಸುದ್ದಿ ಕೇಳಿ ಪಕ್ಕದ ಮನೆಯವರು ತಮ್ಮ ತೆಂಗಿನ ಮರ ತೋರಿಸಲು ಕರೆದರು, ಗೋಡೆಗೆ ಆರೇ ಅಡಿ. ತೆಂಗು ಹುಲ್ಲಿನ ಕಡೆಯ ಬಂಧು, ಅದರ ಬೇರು ಬೆರಳು ದಪ್ಪಕ್ಕೆ ಹುಟ್ಟಿ ಅಷ್ಟೇ ದಪ್ಪದಲ್ಲಿ ಉಳಿಯುತ್ತದೆ, ವರ್ಷ ವರ್ಷ ಬಲಿತು ಗೋಡೆ ಎತ್ತುವಂಥದ್ದಲ್ಲ. ಸೋರುವ ಸಂಪು ಇದ್ದರೆ ಮಾತ್ರ ಒಳಗೆ ನುಗ್ಗುತ್ತದೆ. ಅವರ ಸಂಪಿಗೆ ರಾತ್ರಿ ನೀರು ತುಂಬಿಸಿ, ಮೋಟರ್ ಆಫ್ ಮಾಡಿ, ಗುರುತು ಹಾಕಿ ಬಂದೆ, ಬೆಳಗ್ಗೆಗೆ ಎರಡು ಇಂಚು ಇಳಿದಿತ್ತು. ಸಂಪು ರಿಪೇರಿ ಮಾಡಿಸಿ, ಮೇಲಿನ ಶೀಟಿನ ಮೇಲೆ ಬೀಳುವ ಕಾಯಿಯನ್ನು ಬೇಗ ಇಳಿಸಿ ಅಂತ ಹೇಳಿ ಬಂದಿದ್ದೇನೆ.